ತಣ್ಣಗಿದ್ದಾಗ ನಡುಗುವ ಎಂಜಿನ್

ಪ್ರಶ್ನೆ: ನನ್ನದು 2014ರ ಪೆಟ್ರೋಲ್ ಕಾರು. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ ಮೂರ್ನಾಲ್ಕು ನಿಮಿಷ ನಡುಗುತ್ತದೆ; ಆರ್‌ಪಿಎಂ ಮುಳ್ಳು 600ರಿಂದ 900ರ ನಡುವೆ ಓಲಾಡಿ, ಕೆಲವೊಮ್ಮೆ ಎಂಜಿನ್ ಆಫ್ ಆಗಿಬಿಡುತ್ತದೆ. ಬಿಸಿಯಾದ ಮೇಲೆ ಯಾವ ತೊಂದರೆಯೂ ಇಲ್ಲ. ಎಂಜಿನ್ ದೀಪ ಹೊತ್ತಿಲ್ಲ. ಸ್ಪಾರ್ಕ್ ಪ್ಲಗ್ ಬದಲಿಸಿ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸಿದ್ದಾಯಿತು. ಈಗ ಪೆಟ್ರೋಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಎನ್ನುತ್ತಿದ್ದಾರೆ. ಒಪ್ಪಬಹುದೇ?
– ಓದುಗರು, ಮಡಿಕೇರಿ

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನಿಮ್ಮ ಪತ್ರದಲ್ಲಿಯೇ ಒಂದು ಒಳ್ಳೆಯ ಸುಳಿವಿದೆ. ತಣ್ಣಗಿರುವ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 1200 ಆರ್‌ಪಿಎಂ ಅಥವಾ ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಐಡ್ಲಿಂಗ್ (ಆಕ್ಸಿಲರೇಟರ್ ತುಳಿಯದೆ ನಿಂತಲ್ಲೇ ಓಡುವುದು) ಆರಂಭಿಸಿ, ಬಿಸಿಯಾದಂತೆಲ್ಲ 700-800ಕ್ಕೆ ಇಳಿಯಬೇಕು. ತಣ್ಣನೆಯ ಲೋಹದ ಮೇಲೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲವಾದ್ದರಿಂದ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಆ ಹೊತ್ತಿನಲ್ಲಿ ಹೆಚ್ಚು ಇಂಧನವನ್ನೂ ಹೆಚ್ಚು ಗಾಳಿಯನ್ನೂ ಒದಗಿಸುತ್ತದೆ. ನಿಮ್ಮ ಕಾರಿನಲ್ಲಿ ಆರಂಭದ ವೇಗ ಏರುತ್ತಲೇ ಇಲ್ಲ ಎಂದರೆ, ಒಂದೋ ಎಂಜಿನ್ ತಣ್ಣಗಿದೆ ಎಂಬುದು ಇಸಿಯುಗೆ ತಿಳಿಯುತ್ತಿಲ್ಲ, ಇಲ್ಲವೇ ತಿಳಿದರೂ ಬೇಕಾದಷ್ಟು ಗಾಳಿ ಒಳಗೆ ಹೋಗುತ್ತಿಲ್ಲ.

ಮೊದಲನೆಯದು ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ತಾಪಮಾನದ ಸೆನ್ಸರಿಗೆ ಸಂಬಂಧಿಸಿದ್ದು. ಅದರ ತಂತಿ ಕಡಿದರೆ ಅಥವಾ ಶಾರ್ಟ್ ಆದರೆ ಎಂಜಿನ್ ದೀಪ ಹೊತ್ತುತ್ತದೆ. ಆದರೆ 15 ಡಿಗ್ರಿ ಇರುವಾಗ 45 ಡಿಗ್ರಿ ಎಂದು ವರದಿ ಮಾಡಿದರೆ, ಅದೂ ಸಂಭವನೀಯ ಅಂಕಿಯೇ ಆದ್ದರಿಂದ ದೀಪ ಹೊತ್ತದೆಯೇ ಇರಬಹುದು. ಪರೀಕ್ಷೆ ಸರಳವಾಗಿದೆ. ಕಾರು ಇಡೀ ರಾತ್ರಿ ನಿಂತ ಮೇಲೆ, ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಿ, ಕೂಲಂಟ್ ತಾಪಮಾನ ಮತ್ತು ಒಳಬರುವ ಗಾಳಿಯ ತಾಪಮಾನ ಎರಡನ್ನೂ ಗ್ಯಾರೇಜಿನವರು ಇಸಿಯುಗೆ ಜೋಡಿಸುವ ಸ್ಕ್ಯಾನರಿನಲ್ಲಿ ಓದಿಸಿ. ಎರಡೂ ಹೊರಗಿನ ಹವೆಗೆ ಸಮೀಪವಾಗಿ, ಪರಸ್ಪರ ಕೆಲವೇ ಡಿಗ್ರಿ ಅಂತರದಲ್ಲಿರಬೇಕು. ಕೂಲಂಟಿನ ಅಂಕಿ ಮಾತ್ರ ಬಹಳ ಮೇಲಿದ್ದರೆ ಸೆನ್ಸರ್ ಬದಲಿಸಿ. ಅದರ ಬೆಲೆ ಇಂಜೆಕ್ಟರುಗಳ ಬೆಲೆಯ ಒಂದು ಸಣ್ಣ ಪಾಲು. ಕೊಡಗಿನ ಮಳೆಯಲ್ಲಿ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುವುದುಂಟು, ಆದರೆ ಕಿಲುಬಿನಿಂದ ವಿದ್ಯುತ್ ರೋಧ ಹೆಚ್ಚಿ, ಎಂಜಿನ್ ಇರುವುದಕ್ಕಿಂತ ತಣ್ಣಗಿದೆ ಎಂದು ಇಸಿಯುಗೆ ತೋರುತ್ತದೆ. ಆಗ ಇಂಧನ ಮಿತಿಮೀರಿ, ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಬರುತ್ತದೆ. ಅದನ್ನು ನೀವು ಹೇಳಿಲ್ಲ.

ಎರಡನೆಯ ಸಾಧ್ಯತೆಗೆ ಬಂದರೆ, ನಿಮ್ಮ ಕಾರಿನಲ್ಲಿ ಐಡಲ್ ಗಾಳಿಯ ವಾಲ್ವ್ ಬೇರೆಯಾಗಿದ್ದಲ್ಲಿ ಅದರ ಮಸಿಯನ್ನೂ ತೆಗೆದಿದ್ದಾರೆಯೇ ಎಂದು ಕೇಳಿ. ಥ್ರಾಟಲ್ ಎಲೆಕ್ಟ್ರಾನಿಕ್ ಆಗಿದ್ದರೆ, ಸ್ವಚ್ಛ ಮಾಡಿದ ಬಳಿಕ ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಮೂಲಕ ಇಸಿಯುಗೆ ಐಡಲ್ ಸ್ಥಾನವನ್ನು ಮತ್ತೆ ಕಲಿಸಬೇಕಾಗುತ್ತದೆ. ಈ ಕೊನೆಯ ಹೆಜ್ಜೆಯನ್ನು ಬಿಟ್ಟುಬಿಡುವ ಗ್ಯಾರೇಜುಗಳು ಕಡಿಮೆಯಿಲ್ಲ.

ಇವೆರಡೂ ಸರಿಯಿದ್ದರೆ ಮಾತ್ರ ಮುಂದೆ ನೋಡಬೇಕು. ವಯಸ್ಸಾದ ರಬ್ಬರ್ ಪೈಪುಗಳೂ ಇನ್‌ಟೇಕ್ ಗ್ಯಾಸ್ಕೆಟ್ಟೂ ತಣ್ಣಗಿದ್ದಾಗ ಬಿಗಿ ಕಳೆದುಕೊಂಡು ಗಾಳಿ ಸೋರಿ, ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತವೆ. ಇದನ್ನು ಹೊಗೆ ಪರೀಕ್ಷೆಯಿಂದಲೇ (ಪೈಪಿನೊಳಗೆ ಹೊಗೆ ತುಂಬಿ ಅದು ಎಲ್ಲಿ ಹೊರಬರುತ್ತದೆ ಎಂದು ನೋಡುವುದು) ಪತ್ತೆ ಮಾಡಿಸಿ. ಓಡುತ್ತಿರುವ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ಪದ್ಧತಿ ಬೆಂಕಿಗೆ ದಾರಿಯಾಗಬಲ್ಲದು. ಒಂದೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅಂದರೆ ಅದರಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದು ಸ್ಕ್ಯಾನರ್ ತೋರಿಸಿದರೆ, ಆ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ. ದೋಷವೂ ಕಾಯಿಲಿನೊಂದಿಗೆ ಹೋದರೆ ಉತ್ತರ ಸಿಕ್ಕಿತು. ಕೂಲಂಟ್ ಮಟ್ಟ ಕಾರಣವಿಲ್ಲದೆ ಇಳಿಯುತ್ತಿದ್ದು, ಸಿಹಿ ವಾಸನೆಯ ಬಿಳಿ ಹೊಗೆಯೂ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೂಲಕ ರಾತ್ರಿಯಿಡೀ ಕೂಲಂಟ್ ಸಿಲಿಂಡರಿಗೆ ಜಿನುಗುತ್ತಿರಬಹುದು, ಆಗ ತಡಮಾಡಬೇಡಿ.

ಇಂಜೆಕ್ಟರಿನ ಮೇಲಿನ ಅನುಮಾನಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಬೆಳಿಗ್ಗೆ ಕೀಯನ್ನು ಆನ್ ಮಾಡಿ, ಎರಡು ಮೂರು ಸೆಕೆಂಡು ಬಿಟ್ಟು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದ ಮೇಲೆ ಸ್ಟಾರ್ಟ್ ಮಾಡಿ. ಪ್ರತಿ ಸಲವೂ ಇಂಧನದ ಪಂಪ್ ಸ್ವಲ್ಪ ಹೊತ್ತು ಓಡಿ ಒತ್ತಡ ತುಂಬುತ್ತದೆ. ಇದರಿಂದ ಸ್ಟಾರ್ಟಿಂಗ್ ಗಮನಾರ್ಹವಾಗಿ ಸುಧಾರಿಸಿದರೆ, ರಾತ್ರಿ ಇಂಧನದ ಒತ್ತಡ ಎಲ್ಲೋ ಸೋರಿಹೋಗುತ್ತಿದೆ. ಆಗಲೂ ಪಂಪಿನ ವಾಲ್ವೋ ಇಂಜೆಕ್ಟರೋ ಎಂಬುದನ್ನು ಒತ್ತಡ ಅಳೆಯುವ ಗೇಜ್ ಹಾಕಿ ತೀರ್ಮಾನಿಸಬೇಕು.

ನಿಮಗೆ ಇದುವರೆಗೆ ಗುಣ ಕಾಣದಿರಲು ಮುಖ್ಯ ಕಾರಣ, ನೀವು ಗ್ಯಾರೇಜ್ ತಲುಪುವ ಹೊತ್ತಿಗೆ ಎಂಜಿನ್ ಬಿಸಿಯಾಗಿ ದೋಷ ಮರೆಯಾಗಿರುವುದು ಎಂದು ನನಗನ್ನಿಸುತ್ತದೆ. ಕಾರನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು ಬನ್ನಿ, ಬೆಳಿಗ್ಗೆ ನೀವು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳಿ.

ಪ್ರಶ್ನೆ: ಚಳಿಗಾಲದಲ್ಲಿ ಹೊರಡುವ ಮುನ್ನ ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ಬಿಸಿ ಮಾಡಬೇಕೇ?
– ಓದುಗರು, ಬೀದರ್

ಉತ್ತರ: ಬೇಡ. ಆಯಿಲ್ ಎಲ್ಲೆಡೆ ಹರಿಯಲು ಸುಮಾರು ಅರ್ಧ ನಿಮಿಷ ಸಾಕು. ನಂತರ ಆಕ್ಸಿಲರೇಟರನ್ನು ಜೋರಾಗಿ ತುಳಿಯದೆ, ತಾಪಮಾನ ಏರುವವರೆಗೆ ನಿಧಾನವಾಗಿ ಓಡಿಸಿ. ನಿಂತಲ್ಲಿಯೇ ಓಡುವ ಎಂಜಿನ್ ಬಿಸಿಯಾಗಲು ಹೆಚ್ಚು ಸಮಯ ಹಿಡಿಯುತ್ತದೆ, ಅಷ್ಟು ಹೊತ್ತೂ ಹೆಚ್ಚುವರಿ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ಪದರವನ್ನು ತೊಳೆದು ಕೆಳಗಿಳಿಯುತ್ತದೆ. ಮುಚ್ಚಿದ ಶೆಡ್ಡಿನೊಳಗಂತೂ ಒಂದು ನಿಮಿಷವೂ ಚಾಲೂ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣವನ್ನೇ ತೆಗೆಯಬಲ್ಲದು.