ಚೀನಾದಲ್ಲಿ ನಂಬಿಕೆ ಅಷ್ಟೊಂದು ಜಾಸ್ತಿ ಹೇಗೆ?

ನಾರ್ವೆಯವರು ಜನರನ್ನು ತುಂಬ ನಂಬುತ್ತಾರೆ, ಸರಿ; ಚೀನಾದವರೂ ಅಷ್ಟೇ ನಂಬುತ್ತಾರಾ ಅಂತ ಕೇಳಿದ್ದೀರಿ. ಹಲವು ದೇಶಗಳ ಜನರ ಅಭಿಪ್ರಾಯ ಕೇಳುವ ವಿಶ್ವ ಮೌಲ್ಯ ಸಮೀಕ್ಷೆ (World Values Survey) 1981ರಿಂದ ಕೇಳುತ್ತಿರುವ ಪ್ರಶ್ನೆ ಇದು: ಬಹುಪಾಲು ಜನರನ್ನು ನಂಬಬಹುದಾ, ಇಲ್ಲ ತುಂಬ ಹುಷಾರಾಗಿರಬೇಕಾ? ಇತ್ತೀಚಿನ ಸುತ್ತಿನಲ್ಲಿ ‘ನಂಬಬಹುದು’ ಅಂದವರು ಎರಡೂ ಕಡೆ ಶೇ. 60ಕ್ಕಿಂತ ಜಾಸ್ತಿ. ಕೊಲಂಬಿಯಾದಲ್ಲಿ ಶೇ. 10 ಕೂಡ ಇಲ್ಲ.

ಆದರೆ ‘ಜನ’ ಅಂದಾಗ ಯಾರ ಮುಖ ಕಣ್ಣಮುಂದೆ ಬರುತ್ತದೆ? ನಾವೂ ‘ನಮ್ಮ ಜನ’ ಅಂದರೆ ಊರವರನ್ನೇ ನೆನೆಯುತ್ತೇವೆ, ಅಲ್ವಾ? ಅದೇ ಸಮೀಕ್ಷೆ ‘ಮೊದಲ ಸಲ ಭೇಟಿಯಾದವರನ್ನು ನಂಬುತ್ತೀರಾ?’ ಅಂತ ಬಿಡಿಸಿ ಕೇಳುತ್ತದೆ. ಅಲ್ಲಿ ಚೀನಾದ ಅಂಕಿ ಪಾತಾಳಕ್ಕಿಳಿಯುತ್ತದೆ, ನಾರ್ವೆಯದು ಮೇಲೇ ಉಳಿಯುತ್ತದೆ. ಚೀನಾದಲ್ಲಿ ಎಷ್ಟೋ ಜನ ಮನೆಯವರು, ಪರಿಚಯದವರನ್ನು ಮನಸ್ಸಲ್ಲಿಟ್ಟು ಉತ್ತರಿಸಿರುತ್ತಾರೆ. ದೇಶಗಳನ್ನು ಹೋಲಿಸುವ ಮುಂಚೆ ಈ ಎರಡನೇ ಪ್ರಶ್ನೆಯನ್ನೂ ದಯವಿಟ್ಟು ಪಕ್ಕದಲ್ಲಿಟ್ಟು ನೋಡಿ.