ಬಾಳೆನಾರಿನ ಸಿಎಂಸಿ ಕರಗುತ್ತಿಲ್ಲವೇ?

ಪ್ರಶ್ನೆ: ಬಾಳೆದಿಂಡಿನ ನಾರಿನಿಂದ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ (ಸಿಎಂಸಿ, ನೀರಿನಲ್ಲಿ ಕರಗಿ ಅದನ್ನು ಮಂದವಾಗಿಸುವ ಪುಡಿ) ತಯಾರಿಸಿದೆವು. ನೀರಿಗೆ ಹಾಕಿದರೆ ಕರಗದೆ ಊದಿಕೊಳ್ಳುತ್ತದೆ, ಬಣ್ಣವೂ ಕಂದು. ತಪ್ಪೆಲ್ಲಿ?

ಉತ್ತರ: ಕಂದು ಬಣ್ಣವು ನಾರಿನಲ್ಲಿ ಉಳಿದ ಲಿಗ್ನಿನ್‌ನ (ಸಸ್ಯಕ್ಕೆ ಗಡಸುತನ ಕೊಡುವ ವಸ್ತು) ಗುರುತು. ಮೊದಲು ನಾರನ್ನು ಕ್ಷಾರದಲ್ಲಿ ಬೇಯಿಸಿ, ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬಿಳುಪಾಗಿಸಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ ಪುಡಿ ಮಾಡಿ. ಊದಿಕೊಳ್ಳುವುದಕ್ಕೆ ಕಾರಣ ಬೇರೆ: ಸೆಲ್ಯುಲೋಸ್ ಸರಪಳಿಯ ಪ್ರತಿ ಗ್ಲೂಕೋಸ್ ಘಟಕಕ್ಕೆ ಸರಾಸರಿ 0.4ಕ್ಕಿಂತ ಕಡಿಮೆ ಕಾರ್ಬಾಕ್ಸಿಮೀಥೈಲ್ ಗುಂಪು ಸೇರಿದ್ದರೆ ಅದು ಕರಗುವುದಿಲ್ಲ.

ಗುಂಪು ಸಾಕಷ್ಟು ಸೇರಲು ಹೀಗೆ ಮಾಡಿ: 5 ಗ್ರಾಂ ಪುಡಿಯನ್ನು 100 ಮಿ.ಲೀ. ಐಸೊಪ್ರೊಪನಾಲ್‌ನಲ್ಲಿ ಕಲಕಿ, 30 ಪ್ರತಿಶತ ಕಾಸ್ಟಿಕ್ ಸೋಡಾ ದ್ರಾವಣ 20 ಮಿ.ಲೀ. ಹನಿಹನಿಯಾಗಿ ಬಿಡಿ. ಒಂದು ಗಂಟೆಯ ನಂತರ ಈ ಗುಂಪನ್ನು ಒದಗಿಸುವ ಮಾನೊಕ್ಲೋರೊಅಸಿಟಿಕ್ ಆಮ್ಲ 6 ಗ್ರಾಂ ಸೇರಿಸಿ, 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರೂವರೆ ಗಂಟೆ ಇಡಿ. ನೀರು ಹೆಚ್ಚಾದರೆ ಆಮ್ಲ ನಾರನ್ನು ಬಿಟ್ಟು ಗ್ಲೈಕೊಲೇಟ್ ಎಂಬ ಬೇಡದ ಲವಣವಾಗಿ ವ್ಯರ್ಥವಾಗುತ್ತದೆ. ಒದ್ದೆ ನಾರು ಬಳಸಿದವರಿಗೆ ಆಗುವುದು ಹೆಚ್ಚಾಗಿ ಇದೇ. ಕೊನೆಗೆ ಅಸಿಟಿಕ್ ಆಮ್ಲದಿಂದ ತಟಸ್ಥಗೊಳಿಸಿ, 80 ಪ್ರತಿಶತ ಎಥನಾಲ್‌ನಿಂದ ಹಲವು ಸಲ ತೊಳೆಯಿರಿ. ಬರಿ ನೀರಿನಿಂದ ತೊಳೆದರೆ ಮಾಲೇ ಕರಗಿಹೋಗುತ್ತದೆ. ಮಾನೊಕ್ಲೋರೊಅಸಿಟಿಕ್ ಆಮ್ಲ ಚರ್ಮದ ಮೂಲಕವೇ ದೇಹಕ್ಕಿಳಿಯುವ ವಿಷ, ಕೈಗವಸು ಕಡ್ಡಾಯ.