ಬೀದರ್ ವಾಯುನೆಲೆ: ಮೊದಲ ಪಾಠದಿಂದ ಕೊನೆಯ ಪಾಠದವರೆಗೆ

ಪ್ರಶ್ನೆ: ಬೀದರಿನ ವಾಯುನೆಲೆಯಿಂದ ಹಿಂದೆ ಪ್ರೊಪೆಲ್ಲರ್‌ನ ಸಣ್ಣ ವಿಮಾನಗಳು ಹಾರುತ್ತಿದ್ದವೆಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ಈಗ ಕೇಳಿಸುವುದು ಜೆಟ್‌ಗಳ ಸದ್ದು. ಅದು ತರಬೇತಿ ಕೇಂದ್ರವೋ, ಯುದ್ಧನೆಲೆಯೋ?
– ಓದುಗರು, ಭಾಲ್ಕಿ

ಉತ್ತರ: ಹಿರಿಯರ ನೆನಪು ಸರಿಯಾಗಿದೆ. ಬೀದರ್ ಇಂದಿಗೂ ಮುಖ್ಯವಾಗಿ ತರಬೇತಿ ನೆಲೆಯೇ. ಬದಲಾಗಿರುವುದು ಅಲ್ಲಿ ಕಲಿಸುವ ಪಾಠ. 1962ರ ಯುದ್ಧದ ನಂತರ ವಾಯುಪಡೆ ವಿಸ್ತಾರಗೊಳ್ಳತೊಡಗಿದಾಗ ಹೆಚ್ಚಿನ ಪೈಲಟ್‌ಗಳು ಬೇಕಾದರು. ಗಡಿಯಿಂದ ದೂರವೂ ಹೈದರಾಬಾದ್ ಸುತ್ತಲಿನ ನೆಲೆಗಳಿಗೆ ಸಮೀಪವೂ ಆಗಿದ್ದ ಬೀದರಿನಲ್ಲಿ ಆ ದಶಕದಲ್ಲಿ ಪ್ರಾಥಮಿಕ ಹಾರಾಟ ಶಾಲೆ ನೆಲೆಗೊಂಡಿತು. ನಿಮ್ಮ ಹಿರಿಯರು ಕಂಡದ್ದು ಬಹುಶಃ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ವಿಮಾನವನ್ನು, ಇಲ್ಲವೇ ಅದರ ಜಾಗಕ್ಕೆ ಬಂದ ಎಚ್‌ಪಿಟಿ-32 ದೀಪಕ್ ಅನ್ನು. ಆ ಮೊದಲ ಪಾಠ ಈಗ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ನಡೆಯುತ್ತದೆ.

ಜೆಟ್‌ಗಳ ಕಥೆ ಇದಕ್ಕಿಂತ ದೀರ್ಘವಾದದ್ದು, ಸ್ವಲ್ಪ ಬೇಸರ ತರಿಸುವಂಥದ್ದೂ ಹೌದು. ದಶಕಗಳ ಕಾಲ ನಮ್ಮ ಯುವ ಪೈಲಟ್‌ಗಳು ನಿಧಾನಗತಿಯ ಕಿರಣ್ ವಿಮಾನದಲ್ಲಿ ಕಲಿತು, ಗಂಟೆಗೆ 300 ಕಿ.ಮೀ.ಗೂ ಮೀರಿದ ವೇಗದಲ್ಲಿ ನೆಲಕ್ಕಿಳಿಯಲು ಬರುವ ಮಿಗ್-21 ಯುದ್ಧವಿಮಾನದ ಕಾಕ್‌ಪಿಟ್‌ಗೆ ಹೋಗಿ ಕೂರಬೇಕಾಗುತ್ತಿತ್ತು. ಇವೆರಡರ ನಡುವೆ ಒಂದು ಮೆಟ್ಟಿಲೇ ಇರಲಿಲ್ಲ. ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕೆಂದು ಲಾ ಫಾಂಟೇನ್ ಸಮಿತಿ 1982ರಲ್ಲಿಯೇ ಶಿಫಾರಸು ಮಾಡಿದ್ದರೂ, ಅಂಥದೇ ಆದ ಬ್ರಿಟಿಷ್ ಹಾಕ್ ವಿಮಾನಗಳ ಖರೀದಿ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಈ ವಿಳಂಬಕ್ಕೆ ಯಾವ ಸಮರ್ಥನೆಯೂ ನನಗೆ ಸಮಾಧಾನ ತಂದಿಲ್ಲ. ಮೊದಲ ಒಪ್ಪಂದದ 66 ವಿಮಾನಗಳಲ್ಲಿ 24 ಬ್ರಿಟನ್ನಿನಿಂದ ಬಂದವು, ಉಳಿದ 42ರ ತಯಾರಿಕೆ ಬೆಂಗಳೂರಿನ ಎಚ್‌ಎಎಲ್ ಪಾಲಿಗೆ ಬಂತು. 2008ರ ಫೆಬ್ರವರಿಯಲ್ಲಿ ಬೀದರಿನಲ್ಲೇ ಹಾಕ್ ವಿಧಿವತ್ತಾಗಿ ವಾಯುಪಡೆಗೆ ಸೇರಿತು.

ಯುದ್ಧವಿಮಾನದ ಪೈಲಟ್ ಆಗಲು ಆಯ್ಕೆಯಾದವರು ಇಲ್ಲಿ ಕೊನೆಯ ಹಂತದ ಪಾಠ ಕಲಿಯುತ್ತಾರೆ. ವಿದ್ಯಾರ್ಥಿ ಮುಂದಿನ ಆಸನದಲ್ಲಿ, ಶಿಕ್ಷಕರು ತುಸು ಎತ್ತರದ ಹಿಂದಿನ ಆಸನದಲ್ಲಿ ಕೂರುತ್ತಾರೆ. ಗುಂಪುಹಾರಾಟ, ತಗ್ಗಿನಲ್ಲಿ ವೇಗವಾಗಿ ಸಾಗುವ ದಿಕ್ಕುಶೋಧನೆ, ಶಸ್ತ್ರಪ್ರಯೋಗ ಇವೆಲ್ಲ ಅಭ್ಯಾಸದಲ್ಲಿ ಸೇರಿರುತ್ತವೆ. ಹಾಕ್‌ನ ಅಡೂರ್ ಎಂಜಿನ್ ಜಾಗ್ವಾರ್ ಯುದ್ಧವಿಮಾನದ ಎಂಜಿನ್‌ನ ಕುಟುಂಬಕ್ಕೇ ಸೇರಿದ್ದು.

1996ರಲ್ಲಿ ಹುಟ್ಟಿದ, ಆಗಸದಲ್ಲಿ ಕಸರತ್ತು ಪ್ರದರ್ಶಿಸುವ ವಾಯುಪಡೆಯ ಸೂರ್ಯಕಿರಣ್ ತಂಡದ ಮನೆಯೂ ಬೀದರೇ. ತರಬೇತಿ ವಿಮಾನಗಳ ಕೊರತೆಯಿಂದಾಗಿ 2011ರಲ್ಲಿ ಆ ತಂಡದ ಕಿರಣ್ ವಿಮಾನಗಳನ್ನು ಪಾಠಕ್ಕೆ ಮರಳಿಸಲಾಯಿತು. ಪ್ರದರ್ಶನಕ್ಕಿಂತ ತರಬೇತಿ ಮುಖ್ಯವೆಂಬ ಆ ತೀರ್ಮಾನ ಸರಿಯಾಗಿಯೇ ಇತ್ತು. 2015ರಲ್ಲಿ ಹಾಕ್‌ಗಳೊಂದಿಗೆ ತಂಡ ಮತ್ತೆ ಕಟ್ಟಿಕೊಂಡಿತು.

2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಆರಂಭವಾದ ನಾಗರಿಕ ವಿಮಾನಸೇವೆ ಬಳಸಿದ್ದೂ ವಾಯುಪಡೆಯ ಇದೇ ರನ್‌ವೇಯನ್ನು. ಪ್ರಯಾಣಿಕರಿಗೆ ಟರ್ಮಿನಲ್ ಮಾತ್ರ ಪ್ರತ್ಯೇಕ.